ಘಾನಾದಲ್ಲಿ ನನ್ನ ಹೆಸರು ಯಾ

ಸೋಮವಾರ, ಅಕ್ರಾ

ಭಾವನ ಕೆಲಸ ಗೇರುಬೀಜದ್ದು. ಮಂಗಳೂರಿನ ಕಾರ್ಖಾನೆಗಳಿಗೆ ನಮ್ಮ ಗುಡ್ಡದ ಬೀಜ ಎಲ್ಲಿ ಸಾಲುತ್ತದೆ? ಬಹಳ ವರ್ಷಗಳಿಂದ ಪಶ್ಚಿಮ ಆಫ್ರಿಕಾದ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತಿದೆ, ಅದರಲ್ಲಿ ಘಾನಾದ್ದೂ ಒಂದು ಪಾಲು. ಅಲ್ಲಿನ ಹಳ್ಳಿಗಳಲ್ಲಿ ಬೀಜ ಕೊಂಡು ತೇಮಾ ಬಂದರಿಗೆ ಮುಟ್ಟಿಸುವುದು ಭಾವನ ಜವಾಬ್ದಾರಿ. "ಫೆಬ್ರವರಿಯಲ್ಲಿ ಬಾ, ಸೀಸನ್ ಶುರುವಾಗಿರ್ತದೆ, ಭಾವನ ಜೊತೆ ಊರೂರು ತಿರುಗಬಹುದು" ಅಂತ ಅಕ್ಕ ಯಾವಾಗಿನಿಂದಲೋ ಕರೆಯುತ್ತಿದ್ದಳು. ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ರಾಜಧಾನಿ ಅಕ್ರಾದ ವಿಮಾನ ನಿಲ್ದಾಣದಲ್ಲಿ ಇಳಿದೆ. ಹಳದಿ ಜ್ವರದ ಲಸಿಕೆಯ ಕಾರ್ಡ್ ಅಲ್ಲಿ ಕಡ್ಡಾಯ, ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ನಮಗಿಂತ ಐದೂವರೆ ಗಂಟೆ ಹಿಂದೆ ಅವರ ಗಡಿಯಾರ.

ಅಕ್ಕನ ಮನೆ ಸ್ಪಿಂಟೆಕ್ಸ್ ರಸ್ತೆಯ ಒಳಗೆ. ಮನೆ ಮಾಲೀಕರು ಅಸಾಂಟೆ ಸಮುದಾಯದ ಒಬ್ಬ ಅಜ್ಜಿ, ಅದೇ ಕಾಂಪೌಂಡಿನಲ್ಲಿ ಇದ್ದಾರೆ. ಸಂಜೆ ನಮ್ಮನ್ನು ಕರೆದರು. ಹೋದ ತಕ್ಷಣ ಮಾತಿಲ್ಲ. ಮೊದಲು ಕುರ್ಚಿ, ಆಮೇಲೆ ಎಲ್ಲರಿಗೂ ಒಂದೊಂದು ಲೋಟ ನೀರು. ನೀರು ಕುಡಿದಾದ ಮೇಲೆ ಅಜ್ಜಿ ಕೈ ಕಟ್ಟಿ ಕುಳಿತು, "ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಈಗ ನೀವು ಬಂದ ಕಾರಣ ಹೇಳಿ" ಅಂದರು. ಕಾರಣ ಅವರಿಗೆ ಗೊತ್ತು, ಕರೆದದ್ದೇ ಅವರು! ಆದರೂ ಕೇಳಬೇಕು, ಬಂದವರು ಹೇಳಬೇಕು. ಆಕಾನ್ ಜನರ ಮನೆಗಳಲ್ಲಿ ಅತಿಥಿಗೆ ಹೀಗೆಯೇ. ಅಸಾಂಟೆ, ಫಾಂಟೆ, ಬೋನೊ ಎಲ್ಲ ಸೇರಿ ಆಕಾನ್ ಅಂತ ಕರೆಯುತ್ತಾರೆ, ದೇಶದ ಅತಿ ದೊಡ್ಡ ಸಮುದಾಯ ಅವರದ್ದು. ಅಕ್ಕ ತಡವರಿಸದೆ "ತಂಗಿ ಊರಿಂದ ಬಂದಿದ್ದಾಳೆ, ನಿಮಗೆ ತೋರಿಸಲು ಕರೆತಂದೆ" ಅಂದಳು. ಆಗ ಮಾತು ಬಿಚ್ಚಿಕೊಂಡಿತು.

ಅಜ್ಜಿ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಹುಟ್ಟಿದ ವಾರ. ಜಾತಕದಲ್ಲಿ ನೋಡಿದ್ದು ನೆನಪಿತ್ತು, ಗುರುವಾರ ಅಂದೆ. "ಹಾಗಾದರೆ ನೀನು ಯಾ" ಅಂತ ಅಲ್ಲೇ ತೀರ್ಮಾನವಾಯಿತು. ಗುರುವಾರದ ಹುಡುಗಿ ಯಾ, ಹುಡುಗ ಯಾವ್. ಶುಕ್ರವಾರದ ಹುಡುಗ ಕೋಫಿ, ಶನಿವಾರದವನು ಕ್ವಾಮೆ, ಭಾನುವಾರದ ಹುಡುಗಿ ಅಕೋಸುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು, ಅವರ ಜೊತೆಗೇ ಹುಟ್ಟಿದ ಅವಳಿ ಸೋದರಿ ಎಫುವಾ. ದೇಶಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ಎನ್‌ಕ್ರುಮಾ ಶನಿವಾರದವರು. ಚರ್ಚಿನಲ್ಲಿ ಇಟ್ಟ ಹೆಸರು, ಶಾಲೆಯ ಹೆಸರು ಬೇರೆ ಇರುತ್ತದೆ, ಆದರೆ ಮನೆಯಲ್ಲಿ ಬೀದಿಯಲ್ಲಿ ವಾರದ ಹೆಸರೇ. ಆಮೇಲೆ ಹೋದಲ್ಲೆಲ್ಲ ನಾನು "ಸಿಸ್ಟರ್ ಯಾ". ಒಂದು ಗುರುತು ಸಿಕ್ಕಿದರೆ ಜನ ಎಷ್ಟು ಬೇಗ ಹತ್ತಿರವಾಗುತ್ತಾರೆ ಅಲ್ವಾ.

ಮಂಗಳವಾರ, ತೇಶಿ

ಸ್ಪಿಂಟೆಕ್ಸ್‌ನಿಂದ ತೇಶಿ ಹತ್ತಿರ. ಗಾ ಜನರ ಹಳೆಯ ಮೀನುಗಾರಿಕೆ ಊರು, ಈಗ ಅಕ್ರಾ ನಗರದೊಳಗೆ ಸೇರಿಹೋಗಿದೆ. ಕಡಲ ತೀರಕ್ಕೆ ಹೋದರೆ ಒಂದು ದೋಣಿಯೂ ನೀರಿನಲ್ಲಿ ಇಲ್ಲ, ಎಲ್ಲ ಮರಳಿನ ಮೇಲೆ ಸಾಲಾಗಿ ನಿಂತಿವೆ. ಮಂಗಳವಾರ ಸಮುದ್ರ ದೇವರ ದಿನ, ಈ ತೀರದ ಹೆಚ್ಚಿನ ಊರುಗಳಲ್ಲಿ ಅಂದು ಯಾರೂ ಬಲೆ ಬೀಸುವುದಿಲ್ಲ. ಚರ್ಚಿಗೆ ಹೋಗುವ ಮೀನುಗಾರನೂ ಈ ನಿಯಮ ಮೀರುವುದಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಬೋಟುಗಳಿಗೆ ರಜೆ ಇದೆಯಲ್ಲ, ಇಲ್ಲಿ ವಾರ ವಾರವೂ ಕಡಲಿಗೆ ಒಂದು ದಿನ ಬಿಡುವು.

ದೋಣಿಗಳು ಒಂದೇ ದೊಡ್ಡ ಮರವನ್ನು ಕೊರೆದು ಮಾಡಿದವು, ಅಂಚಿಗೆ ಹಲಗೆ ಜೋಡಿಸಿ ಎತ್ತರಿಸಿರುತ್ತಾರೆ. ಪಕ್ಕಕ್ಕೆ ಬೈಬಲ್ ವಾಕ್ಯ, ಬಣ್ಣದ ಪಟ್ಟೆ, ಮೇಲೆ ಬಾವುಟಗಳು. ಗಂಡಸರು ನೀಲಿ ಬಲೆ ಹರಡಿಕೊಂಡು ಕಾಲ್ಬೆರಳಿಗೆ ಸಿಕ್ಕಿಸಿ ಹರಿದ ಕಡೆ ಹೆಣೆಯುತ್ತಿದ್ದರು. ಹೆಂಗಸರು ಮಣ್ಣಿನ ಒಲೆಗಳ ಮೇಲೆ ತಂತಿ ಜಾಲರಿ ಇಟ್ಟು ಹಿಂದಿನ ದಿನದ ಮೀನಿಗೆ ಹೊಗೆ ಹಿಡಿಸುತ್ತಿದ್ದರು. ಮೀನು ದಡಕ್ಕೆ ಬಂದ ಮೇಲೆ ವ್ಯವಹಾರ ಪೂರ್ತಿ ಹೆಂಗಸರದ್ದು. ಗಂಡಸರಿಗೆ ದೋಣಿಯ ಇಂಧನಕ್ಕೆ, ಬಲೆಗೆ ಸಾಲ ಕೊಡುವವರೂ ಎಷ್ಟೋ ಸಲ ಇದೇ ಹೆಂಗಸರು.

ತೇಶಿಗೆ ಇನ್ನೊಂದು ಹೆಸರುವಾಸಿ ಇದೆ, ಶವಪೆಟ್ಟಿಗೆ. ರಸ್ತೆ ಬದಿಯ ಬಡಗಿ ಅಂಗಡಿಯಲ್ಲಿ ಆಳೆತ್ತರದ ಕೆಂಪು ಮೀನು, ಕೋಕೋ ಕಾಯಿ, ವಿಮಾನ, ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡ ಕೋಳಿ, ಎಲ್ಲವೂ ಶವಪೆಟ್ಟಿಗೆಗಳು. ಮೀನುಗಾರ ಸತ್ತರೆ ಮೀನು, ಕೋಕೋ ಬೆಳೆದವನಿಗೆ ಕೋಕೋ ಕಾಯಿ, ಮಕ್ಕಳನ್ನು ಸಾಕಿ ಬೆಳೆಸಿದ ತಾಯಿಗೆ ಕೋಳಿ. 1950ರ ದಶಕದಲ್ಲಿ ಸೇತ್ ಕೇನ್ ಕ್ವೇ ಎಂಬ ಬಡಗಿ ಇದನ್ನು ಪ್ರಸಿದ್ಧಿಗೆ ತಂದರು. ಒಬ್ಬ ಮುಖ್ಯಸ್ಥನಿಗೆ ಕೋಕೋ ಕಾಯಿಯ ಆಕಾರದ ಪಲ್ಲಕ್ಕಿ ತಯಾರಾಗಿತ್ತಂತೆ, ಅದರಲ್ಲಿ ಕೂರುವ ಮೊದಲೇ ಅವನು ತೀರಿಕೊಂಡ, ಪಲ್ಲಕ್ಕಿಯಲ್ಲೇ ಮಣ್ಣು ಮಾಡಿದರು ಅಂತ ಕಥೆ ಹೇಳುತ್ತಾರೆ. ನಾವು ಹೋದಾಗ ಒಬ್ಬ ಹುಡುಗ ಮೀನಿನ ಬೆನ್ನಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಉಜ್ಜುವುದು, ಅಂಗೈಯಿಂದ ಸವರಿ ನೋಡುವುದು, ಮತ್ತೆ ಉಜ್ಜುವುದು. ಪಕ್ಕದಲ್ಲಿ ಇನ್ನೊಬ್ಬ ತೆಳ್ಳನೆ ಕುಂಚದಲ್ಲಿ ಒಂದೊಂದೇ ಹುರುಪೆ ಬರೆಯುತ್ತಿದ್ದ. ಮಣ್ಣಿನೊಳಗೆ ಹೋಗುವ ವಸ್ತುವಿಗೆ ಇಷ್ಟು ನಾಜೂಕು! ಸತ್ತವರನ್ನು ಆದಷ್ಟು ಬೇಗ ಕಳಿಸಿಕೊಡುವ ನಮ್ಮ ಪದ್ಧತಿಯಲ್ಲಿ ಬೆಳೆದ ನನಗೆ ಇದು ಅರ್ಥವಾಗಲು ಶನಿವಾರದವರೆಗೆ ಕಾಯಬೇಕಾಯಿತು.

ಮಧ್ಯಾಹ್ನ ಅಲ್ಲೇ ಬೀದಿ ಬದಿಯಲ್ಲಿ ಕೆಂಕಿ ತಿಂದೆವು. ಜೋಳದ ಹಿಟ್ಟನ್ನು, ಅಂದರೆ ಮೆಕ್ಕೆಜೋಳದ್ದು, ಹುಳಿ ಬರಿಸಿ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಉಂಡೆ. ಜೊತೆಗೆ ಕರಿದ ಮೀನು, ಹಸಿಮೆಣಸು ಟೊಮೆಟೊ ಈರುಳ್ಳಿ ಅರೆದದ್ದು, ಮತ್ತೆ ಶಿಟೋ ಅನ್ನುವ ಕಪ್ಪು ಚಟ್ನಿ, ಒಣಮೀನು ಸಿಗಡಿ ಮೆಣಸು ಎಣ್ಣೆಯಲ್ಲಿ ಹುರಿದದ್ದು. ಕರಾವಳಿಯವರ ನಾಲಗೆಗೆ ಶಿಟೋ ಪರಿಚಯ ಮಾಡಿಸಬೇಕಾಗಿಲ್ಲ.

ಬುಧವಾರ, ಅಕ್ರಾ

ಭಾವ ಕಾರು ಕೊಡುತ್ತೇನೆ ಅಂದರೂ ಟ್ರೋಟ್ರೋದಲ್ಲೇ ಹೋಗೋಣ ಅಂದೆ. ಹಳೆಯ ವ್ಯಾನುಗಳು, ಒಳಗೆ ಹೆಚ್ಚುವರಿ ಮಡಚುವ ಸೀಟು, ಬಾಗಿಲಲ್ಲಿ ಮೇಟ್. ಮೇಟ್ ಅಂದರೆ ಕಂಡಕ್ಟರ್. "ಸರ್ಕ್ ಸರ್ಕ್ ಸರ್ಕ್" ಅಂತ ಕೂಗಿದರೆ ಸರ್ಕಲ್ ಕಡೆಗೆ ಅಂತ. ಹಿಂದಿನ ಸಾಲಿನವರು ಮುಂದಿನವರ ಕೈಯಲ್ಲಿ ದುಡ್ಡು ದಾಟಿಸುತ್ತಾರೆ, ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸ್. ಕೊಡುವುದು ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲಿ, ಎಡಗೈ ಚಾಚಿದರೆ ಅವಮಾನ. ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಿಗ್ನಲ್ಲಿನಲ್ಲಿ ವಾಹನ ನಿಂತರೆ ಸಾಕು, ತಲೆ ಮೇಲೆ ಬುಟ್ಟಿ ಹೊತ್ತವರು ಕಿಟಕಿಗೆ ಬರುತ್ತಾರೆ, ಬಾಳೆಕಾಯಿ ಚಿಪ್ಸ್, ಕರ್ಚೀಫು, ಪ್ಲಾಸ್ಟಿಕ್ ಪೊಟ್ಟಣದ ತಣ್ಣೀರು. ಹಲ್ಲಲ್ಲಿ ಪೊಟ್ಟಣದ ಮೂಲೆ ಕಚ್ಚಿ ಕುಡಿಯುವುದು.

ಮಕೋಲಾ ಮಾರುಕಟ್ಟೆ ಹೆಂಗಸರ ರಾಜ್ಯ. ಟೊಮೆಟೊಗೆ ಒಬ್ಬ ರಾಣಿ, ಗೆಣಸಿಗೆ ಒಬ್ಬಳು, ಬಟ್ಟೆಗೆ ಒಬ್ಬಳು, ಹೀಗೆ ಒಂದೊಂದು ಸರಕಿಗೆ ವ್ಯಾಪಾರಿಗಳೇ ಆರಿಸಿದ ನಾಯಕಿ ಇರುತ್ತಾಳೆ. ಜಗಳ ಬಗೆಹರಿಸುವುದು, ಯಾರ ಮನೆಯಲ್ಲಾದರೂ ಸಾವಾದರೆ ದುಡ್ಡು ಸೇರಿಸುವುದು, ಲಾರಿಯಲ್ಲಿ ಬಂದ ಮಾಲನ್ನು ಹಂಚುವುದು ಅವಳ ಕೆಲಸ. 1979ರಲ್ಲಿ ಸೈನಿಕ ಸರಕಾರ ಬೆಲೆಯೇರಿಕೆಗೆ ಈ ಹೆಂಗಸರೇ ಕಾರಣ ಅಂತ ಹೇಳಿ ಹಳೆಯ ಮಕೋಲಾ ಮಾರುಕಟ್ಟೆಯನ್ನೇ ಕೆಡವಿಹಾಕಿತು. ದೇಶದ ಹಣಕಾಸು ಹದಗೆಟ್ಟದ್ದಕ್ಕೆ ಟೊಮೆಟೊ ಮಾರುವವಳ ಮೇಲೆ ಸಿಟ್ಟು! ಈಗ ನೋಡಿದರೆ ಅಲ್ಲಿ ಕಾಲಿಡಲು ಜಾಗವಿಲ್ಲ, ಮಾರಾಟ ಬೀದಿ ಬೀದಿಗೆ ಹರಿದಿದೆ. ಈ ಗದ್ದಲದ ನಡುವೆ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಹೊತ್ತ ಚಿಕ್ಕ ಚಿಕ್ಕ ಹುಡುಗಿಯರು ಓಡಾಡುತ್ತಾರೆ. ಉತ್ತರದ ಬಡ ಜಿಲ್ಲೆಗಳಿಂದ ಹೊರೆ ಹೊರಲು ಬಂದವರು, ಕಾಯಾಯೇ ಅಂತ ಕರೆಯುತ್ತಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಜಗಲಿಯಲ್ಲಿ ಮಲಗುವವರು ಬಹಳ ಮಂದಿ. ಒಬ್ಬಳ ಬೆನ್ನಿಗೆ ಕೂಸು ಕಟ್ಟಿತ್ತು, ತಲೆಯ ಮೇಲೆ ಮೂಟೆ. ಘಾನಾದ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅಂತ ಮನಸ್ಸಿದೆ, ಆದರೆ ಈ ಹುಡುಗಿಯರನ್ನು ಬಿಟ್ಟು ಬರೆಯಲು ಆಗುವುದಿಲ್ಲ.

ಎನ್‌ಕ್ರುಮಾ ಸ್ಮಾರಕ ಇರುವುದು ಹಳೆಯ ಪೋಲೋ ಮೈದಾನದಲ್ಲಿ. 1957ರ ಮಾರ್ಚ್ 6ಕ್ಕೆ ಮುಂಚಿನ ಮಧ್ಯರಾತ್ರಿ ಬ್ರಿಟಿಷರ ಗೋಲ್ಡ್ ಕೋಸ್ಟ್ ಸ್ವತಂತ್ರ ಘಾನಾ ಆಯಿತು ಅಂತ ಅವರು ಸಾರಿದ್ದು ಇಲ್ಲೇ. ಸ್ವಾತಂತ್ರ್ಯದ ದಿನ ಹತ್ತಿರ ಇದ್ದದ್ದರಿಂದ ಕಂಬ ಕಂಬಕ್ಕೂ ಕೆಂಪು ಹಳದಿ ಹಸಿರು ಪಟ್ಟಿ.

ಸಂಜೆ ಅಕ್ಕ ಒಡೊರ್ಕೊರ್‌ನ ಹಿಂದೂ ಮಠಕ್ಕೆ ಕರೆದೊಯ್ದಳು. ಇದು ವಲಸೆ ಬಂದ ಭಾರತೀಯರು ಕಟ್ಟಿದ್ದಲ್ಲ. ಘಾನಾದಲ್ಲೇ ಹುಟ್ಟಿ, ಹೃಷಿಕೇಶಕ್ಕೆ ಹೋಗಿ ಬಂದು ಸನ್ಯಾಸಿಯಾದ ಸ್ವಾಮಿ ಘನಾನಂದ ಸರಸ್ವತಿ 1975ರಲ್ಲಿ ಆರಂಭಿಸಿದ್ದು, ಅವರು ತೀರಿಕೊಂಡದ್ದು 2016ರಲ್ಲಿ. ಆರತಿಗೆ ಬಂದವರಲ್ಲಿ ಹೆಚ್ಚಿನವರು ಅಲ್ಲಿನವರೇ. ಗಣೇಶ ಚತುರ್ಥಿಗೆ ಮೂರ್ತಿಯನ್ನು ಅಟ್ಲಾಂಟಿಕ್ ಕಡಲಿಗೆ ಬಿಡುತ್ತಾರೆ.

ಗುರುವಾರ, ಕೇಪ್ ಕೋಸ್ಟ್ ಮತ್ತು ಎಲ್ಮಿನಾ

ಅಕ್ರಾದಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್. ಕೇಪ್ ಕೋಸ್ಟ್ ಕೋಟೆ ಬಿಳಿ ಸುಣ್ಣದ್ದು, ಕಡಲಿಗೆ ಮುಖ ಮಾಡಿ ತೋಪುಗಳು, ಚಿತ್ರದಲ್ಲಿ ನೋಡಿದರೆ ಸುಂದರ. ಕೆಳಗೆ ಗುಲಾಮರನ್ನು ತುಂಬುತ್ತಿದ್ದ ನೆಲಮಾಳಿಗೆ. ಗೈಡ್ ದೀಪ ಆರಿಸಿದರು. ಎತ್ತರದಲ್ಲಿ ಒಂದು ಸಣ್ಣ ಕಿಂಡಿ, ಅಷ್ಟೇ ಬೆಳಕು. ನೆಲದಲ್ಲಿ ಮಧ್ಯೆ ಒಂದು ಚರಂಡಿ. ನಾವು ನಿಂತ ನೆಲ ಕಲ್ಲಿನದಲ್ಲ, ನೂರಾರು ವರ್ಷಗಳ ಮಲಮೂತ್ರ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ಅಂತ ಅವರು ಹೇಳಿದಾಗ ಗುಂಪಿನಲ್ಲಿದ್ದ ಅಮೆರಿಕದ ಒಬ್ಬ ಕಪ್ಪು ಹೆಂಗಸು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಈ ನೆಲಮಾಳಿಗೆಯ ಸರಿಯಾಗಿ ಮೇಲೆ ಚರ್ಚ್ ಇತ್ತು. ಕೆಳಗಿನ ಸದ್ದು ಮೇಲೆ ಕೇಳಿಸದಿರಲು ಸಾಧ್ಯವೇ ಇಲ್ಲ.

ಕಡಲಿಗೆ ತೆರೆಯುವ ಕೊನೆಯ ಬಾಗಿಲನ್ನು ಮರಳಿ ಬಾರದ ಬಾಗಿಲು ಅನ್ನುತ್ತಾರೆ. 1998ರಲ್ಲಿ ಜಮೈಕಾ ಮತ್ತು ಅಮೆರಿಕದಿಂದ ಇಬ್ಬರು ಗುಲಾಮರ ಅವಶೇಷಗಳನ್ನು ಅದೇ ಬಾಗಿಲಿನಿಂದ ಒಳಗೆ ತಂದು, ಒಳನಾಡಿನ ಅಸಿನ್ ಮಾನ್ಸೊದಲ್ಲಿ ಮಣ್ಣು ಮಾಡಿದರು. ಬಾಗಿಲಿನ ಹೊರಮುಖಕ್ಕೆ ಈಗ ಮರಳುವ ಬಾಗಿಲು ಅಂತ ಫಲಕ ಇದೆ. ಹೊರಗೆ ಕಾಲಿಟ್ಟರೆ ಮೀನುಗಾರರ ಗಲಾಟೆ, ದೋಣಿ, ಬಲೆ, ಚೆಂಡಾಡುವ ಮಕ್ಕಳು.

ಎಲ್ಮಿನಾದ ಕೋಟೆ ಇನ್ನೂ ಹಳೆಯದು, 1482ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು, 1637ರಲ್ಲಿ ಡಚ್ಚರ ಕೈಗೆ ಹೋಯಿತು. ಒಂದು ವಿಷಯ ನಾವು ಭಾರತೀಯರು ತಿಳಿದಿರಬೇಕು. ಈ ತೀರದಲ್ಲಿ ಮನುಷ್ಯರನ್ನು ಕೊಳ್ಳಲು ಯುರೋಪಿನವರು ತಂದ ಸರಕಿನಲ್ಲಿ ಗುಜರಾತಿನ, ಕೋರಮಂಡಲದ ಹತ್ತಿ ಬಟ್ಟೆ ಇತ್ತು, ಹಿಂದೂ ಮಹಾಸಾಗರದ ಕವಡೆ ಇತ್ತು. ನಮ್ಮ ನೇಕಾರರಿಗೆ ಅದು ಗೊತ್ತಿರಲಿಲ್ಲ. ಆದರೂ ಆ ಬಟ್ಟೆ ಇಲ್ಲಿಗೆ ಬಂದಿತ್ತು, ಅದನ್ನು ನಾವು ಶಾಲೆಯಲ್ಲಿ ಓದಿಲ್ಲ.

ಶುಕ್ರವಾರ, ಕುಮಾಸಿಯ ದಾರಿ

ದಿನವಿಡೀ ಪ್ರಯಾಣ. ಕಾಡು, ತಾಳೆ, ಬಾಳೆ, ನಡುವೆ ಕೋಕೋ ತೋಟಗಳು. ಪುತ್ತೂರು ಕಡೆಯವಳಾದ ನನಗೆ ಕೋಕೋ ಹೊಸದಲ್ಲ, ಅಡಿಕೆಯ ಅಡಿಯಲ್ಲಿ ಅದನ್ನು ಬೆಳೆದು ಕ್ಯಾಂಪ್ಕೋಗೆ ಕೊಟ್ಟೇ ಎಷ್ಟೋ ಮನೆಗಳ ಸಣ್ಣ ಖರ್ಚು ನಡೆದಿದೆ, ಪುತ್ತೂರಿನಲ್ಲಿ ಅವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆದರೆ ಇಲ್ಲಿ ಕೋಕೋ ಎಂದರೆ ಇಡೀ ದೇಶದ ಅನ್ನ. 1879ರಲ್ಲಿ ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಫರ್ನಾಂಡೊ ಪೋ ದ್ವೀಪದಿಂದ ಬೀಜ ತಂದು ಮಾಂಪಾಂಗ್‌ನಲ್ಲಿ ನೆಟ್ಟ, ಇವತ್ತು ಐವರಿ ಕೋಸ್ಟ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶಗಳ ಸಾಲಿನಲ್ಲಿ ಘಾನಾ ಇದೆ. ಕಾಯಿ ಒಡೆದು, ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ವಾರದ ತನಕ ಹುಳಿ ಬರಿಸಿ, ಬಿದಿರಿನ ಚಾಪೆಯಲ್ಲಿ ಒಣಗಿಸುತ್ತಾರೆ. ಒಂದು ಚಾಪೆಯ ಪಕ್ಕ ಕಾರು ನಿಲ್ಲಿಸಿದೆವು. ಮುದುಕರೊಬ್ಬರು ಕೈಯಾಡಿಸುತ್ತಾ ಚಪ್ಪಟೆ ಬೀಜಗಳನ್ನು ಹೆಕ್ಕಿ ಹಾಕುತ್ತಿದ್ದರು. ಅದೇ ಹುಳಿ ವಾಸನೆ, ನಮ್ಮ ಅಂಗಳದ್ದೇ.

ಶನಿವಾರ, ಕುಮಾಸಿ ಹತ್ತಿರದ ಹಳ್ಳಿ

ಭಾವನ ಆಫೀಸಿನ ಅಕೌಂಟೆಂಟಿನ ಸೋದರಮಾವ ತೀರಿಕೊಂಡಿದ್ದರು. ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ದೇಹ ಶೈತ್ಯಾಗಾರದಲ್ಲಿತ್ತು, ಹೊರದೇಶದಲ್ಲಿದ್ದ ಮಕ್ಕಳು ಬರಬೇಕು, ಮನೆಗೆ ಬಣ್ಣ ಬಳಿಯಬೇಕು, ಬಟ್ಟೆ ಹೊಲಿಸಬೇಕು, ಎಲ್ಲ ಆದ ಮೇಲೆ ಶನಿವಾರ ನೋಡಿ ಅಂತ್ಯಕ್ರಿಯೆ. ಊರ ತುಂಬ ಸತ್ತವರ ದೊಡ್ಡ ಬಣ್ಣದ ಪೋಸ್ಟರ್, ವಯಸ್ಸು, ಮಕ್ಕಳು ಮೊಮ್ಮಕ್ಕಳ ಹೆಸರು ಸಮೇತ.

ನಾವು ಕಪ್ಪು ಬಟ್ಟೆಯಲ್ಲಿ ಹೋದೆವು. ಹತ್ತಿರದ ಬಂಧುಗಳು ಕೆಂಪು, ಉಳಿದವರು ಕಪ್ಪು. ಗಂಡಸರು ದೊಡ್ಡ ಬಟ್ಟೆಯನ್ನು ಎಡ ಹೆಗಲಿಗೆ ಹಾಕಿ ಬಲ ಹೆಗಲು ಬರಿದಾಗಿ ಬಿಟ್ಟು ಉಡುತ್ತಾರೆ, ಹಿರಿಯರ ಎದುರು ಬಂದರೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆಯುತ್ತಾರೆ. ಬಯಲಿನಲ್ಲಿ ಶಾಮಿಯಾನ, ಎದುರುಬದುರು ನೂರಾರು ಪ್ಲಾಸ್ಟಿಕ್ ಕುರ್ಚಿ. ಬಂದವರು ಸೀದಾ ಹೋಗಿ ಕೂರುವ ಹಾಗಿಲ್ಲ. ಬಲಗಡೆಯ ತುದಿಯಿಂದ ಶುರು ಮಾಡಿ ಪ್ರತಿಯೊಬ್ಬರ ಕೈ ಕುಲುಕುತ್ತಾ ಇಡೀ ಸಾಲು ದಾಟಬೇಕು. ಆಮೇಲೆ ನಾವು ಕುಳಿತ ಮೇಲೆ ಮನೆಯವರು ಎದ್ದು ಬಂದು ನಮ್ಮೆಲ್ಲರ ಕೈ ಕುಲುಕುತ್ತಾರೆ. ಯಾರನ್ನೂ ಬಿಡುವ ಹಾಗಿಲ್ಲ. ಬಿಸಿಲಲ್ಲಿ ಆ ಸಾಲಿನಲ್ಲಿ ನಡೆಯುವಾಗ ಮೊದಲು ಇದೇನು ಇಷ್ಟುದ್ದ ಅನ್ನಿಸಿತ್ತು, ಅರ್ಧಕ್ಕೆ ಬರುವಷ್ಟರಲ್ಲಿ ಅಪರಿಚಿತರ ಒರಟು ಕೈ, ಮುದುಕಿಯರ ಮೆತ್ತನೆ ಕೈ, ಮಕ್ಕಳ ಬೆವರಿದ ಕೈ ಹಿಡಿದು ಹಿಡಿದು ಸತ್ತವರು ನನಗೂ ಯಾರೋ ಆಗಿದ್ದರು.

ಬಂದವರು ಕೊಡುವ ಹಣಕ್ಕೆ ಒಂದು ಮೇಜು, ರಸೀದಿ ಪುಸ್ತಕ. ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಸಾರುತ್ತಾರೆ, ಮನೆಯವರು ಬಂದು ಕೃತಜ್ಞತೆ ಹೇಳುತ್ತಾರೆ. ಖರ್ಚು ವಿಪರೀತ. ಸಾಲ ಮಾಡಿ ಅಂತ್ಯಕ್ರಿಯೆ ಮಾಡುವವರ ಬಗ್ಗೆ ಅಲ್ಲಿನವರೇ ಬೇಸರದಿಂದ ಮಾತಾಡುತ್ತಾರೆ, ಬದುಕಿದ್ದಾಗ ಔಷಧಿಗೆ ಕೊಡದ ದುಡ್ಡು ಸತ್ತ ಮೇಲೆ ಯಾಕೆ ಅಂತ. ಆ ಮಾತು ನನಗೂ ಸರಿ ಅನ್ನಿಸಿತು. ಆದರೆ ಡೋಲು ಶುರುವಾಗಿ, ಕೆಂಪುಟ್ಟ ಹೆಂಗಸರು ಅಡೋವಾ ಕುಣಿಯತೊಡಗಿದಾಗ, ಸಣ್ಣ ಹೆಜ್ಜೆ, ಕೈಯಲ್ಲೇ ಎಲ್ಲ ಮಾತು, ಎರಡೂ ಕೈ ತಲೆಯ ಮೇಲಿಟ್ಟರೆ ದುಃಖ, ಆ ಅಕೌಂಟೆಂಟ್ ಅಳುತ್ತಲೇ ಎದ್ದು ಹೋಗಿ ಕುಣಿದರು. ತೇಶಿಯ ಹುಡುಗ ಅಷ್ಟೊಂದು ಉಜ್ಜುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಈ ಅಂತ್ಯಕ್ರಿಯೆಯ ಯಜಮಾನಿಕೆ ಸತ್ತವರ ಮಕ್ಕಳದ್ದಲ್ಲ, ಅವರ ಅಬುಸುವಾದ್ದು. ತಾಯಿಯ ಕಡೆಯ ಕುಟುಂಬ. ಆಕಾನ್ ಜನರಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ರಕ್ತ ತಾಯಿಯಿಂದ, ಚೈತನ್ಯ ತಂದೆಯಿಂದ, ಹೆಸರಿಡುವವನು ತಂದೆ. ಆಸ್ತಿ ಹೋಗುತ್ತಿದ್ದದ್ದು ಅಕ್ಕ ತಂಗಿಯರ ಮಕ್ಕಳಿಗೆ. ಇದನ್ನು ಭಾವ ವಿವರಿಸಲು ಹೊರಟರು, ನಾನು ನಿಲ್ಲಿಸಿದೆ. ನಮ್ಮ ಅಳಿಯಕಟ್ಟು ಇದೇ ತಾನೆ! ನಮ್ಮ ತುಳುವರ ಬರಿ, ಅಂದರೆ ಗೋತ್ರದ ಹಾಗಿನ ಬಳಿ, ತಾಯಿಯಿಂದ ಬರುತ್ತದೆ, ಒಂದೇ ಬರಿಯವರು ಮದುವೆಯಾಗುವುದಿಲ್ಲ. ಅವರಲ್ಲೂ ಎಂಟು ದೊಡ್ಡ ಅಬುಸುವಾಗಳಿವೆ, ಒಂದೇ ಅಬುಸುವಾದಲ್ಲಿ ಮದುವೆ ಇಲ್ಲ. ಸತ್ತವರ ಜಾಗದಲ್ಲಿ ಕುಟುಂಬದ ಹಿರಿತನಕ್ಕೆ ನಿಲ್ಲುವವರು ಯಾರು ಅಂತ ಅಂದು ಸಂಜೆ ಅಲ್ಲೇ ಹಿರಿಯರು ಕೂತು ಮಾತಾಡುತ್ತಿದ್ದರು. ಅಕ್ಕ ನನ್ನ ಕಿವಿಯಲ್ಲಿ, "ನಮ್ಮ ಕುಟುಂಬದ ಮನೆಯ ಚಾವಡಿಯಲ್ಲಿ ಕೂತ ಹಾಗೆ ಆಗ್ತದೆ ನೋಡು" ಅಂದಳು.

ಭಾನುವಾರ, ಕುಮಾಸಿ

ಬೆಳಗ್ಗೆ ಅದೇ ಕುಟುಂಬ ಕಪ್ಪು ಬಿಳುಪು ಬಟ್ಟೆಯಲ್ಲಿ ಚರ್ಚಿಗೆ ಹೋಗಿ ಕೃತಜ್ಞತಾ ಪ್ರಾರ್ಥನೆ ಮಾಡಿತು. ಹತ್ತರಲ್ಲಿ ಏಳು ಮಂದಿ ಕ್ರೈಸ್ತರಿರುವ ದೇಶ, ಭಾನುವಾರ ರಸ್ತೆ ತುಂಬ ಒಗೆದು ಇಸ್ತ್ರಿ ಮಾಡಿದ ಬಟ್ಟೆಗಳು.

ಮಧ್ಯಾಹ್ನ ಓಣಿ ಓಣಿಯಲ್ಲಿ ಧಪ್ ಧಪ್ ಸದ್ದು, ಫುಫು ಕುಟ್ಟುವುದು. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿ. ಒಬ್ಬ ನಿಂತು ಉದ್ದನೆ ಒನಕೆ ಎತ್ತಿ ಹಾಕುತ್ತಾನೆ, ಒಬ್ಬಳು ಒರಳಿನ ಪಕ್ಕ ಕೂತು ಎರಡು ಏಟಿನ ನಡುವೆ ಬರಿಗೈ ಹಾಕಿ ಹಿಟ್ಟನ್ನು ಮಗುಚುತ್ತಾಳೆ. ಇಬ್ಬರೂ ಮಾತಾಡುತ್ತಲೇ ಇರುತ್ತಾರೆ, ಒರಳಿನ ಕಡೆ ನೋಡುವುದೂ ಇಲ್ಲ! ನಯವಾದ ಉಂಡೆಯನ್ನು ಮಣ್ಣಿನ ಬಟ್ಟಲಿನಲ್ಲಿ ಇಟ್ಟು ಮೇಲೆ ಕೋಳಿಯ ತಿಳಿ ಸಾರು, ಅಥವಾ ಶೇಂಗಾ ಸಾರು. ಬಲಗೈ ಬೆರಳಲ್ಲಿ ಮುರಿದು ಸಾರಲ್ಲಿ ಅದ್ದಿ ನುಂಗಬೇಕು, ರಾಗಿ ಮುದ್ದೆಯ ಹಾಗೆಯೇ, ಅಗಿಯುವ ಹಾಗಿಲ್ಲ. ಪಕ್ಕದ ಮನೆಯವರು ನಾವು ದಾಟುವಾಗ ತಟ್ಟೆ ತೋರಿಸಿ "ನಿಮಗೆ ಆಹ್ವಾನ ಇದೆ" ಅಂದರು. ತಿನ್ನುತ್ತಿರುವವರು ಎದುರು ಬಂದವರಿಗೆ ಹೀಗೆ ಹೇಳಲೇಬೇಕು. ಕೊಂತೊಮಿರೆ ಅನ್ನುವ ಪಲ್ಯವೂ ಇತ್ತು, ಕೆಸುವಿನ ಜಾತಿಯ ಎಲೆಯದ್ದು, ಪತ್ರೊಡೆ ತಿಂದು ಬೆಳೆದವರು ನಾವು, ಎರಡು ಸಲ ಹಾಕಿಸಿಕೊಂಡೆವು.

ಸೋಮವಾರ, ಎಜಿಸು, ಬೊನ್ವಿರೆ, ಮನ್ಹಿಯಾ

ಎಜಿಸು ಬಂದಾಗ ಡ್ರೈವರ್ "ಸಿಸ್ಟರ್ ಯಾ, ಇದು ನಿನ್ನ ಹೆಸರಿನವಳ ಊರು" ಅಂದರು. ಯಾ ಅಸಾಂಟೆವಾ ಇಲ್ಲಿನ ರಾಜಮಾತೆ. 1896ರಲ್ಲಿ ಬ್ರಿಟಿಷರು ಅಸಾಂಟೆ ರಾಜ ಪ್ರೆಂಪೆಯನ್ನು ಹಿಡಿದು ಗಡಿಪಾರು ಮಾಡಿದ್ದರು. 1900ರಲ್ಲಿ ಗವರ್ನರ್ ಹಾಡ್ಜ್‌ಸನ್ ಕುಮಾಸಿಗೆ ಬಂದು ಚಿನ್ನದ ಪೀಠವನ್ನು ತನಗೆ ಕೂರಲು ಕೊಡಿ ಅಂದ. ಆ ಪೀಠದಲ್ಲಿ ಅಸಾಂಟೆ ಜನರ ಜೀವವೇ ಇದೆ ಅಂತ ನಂಬಿಕೆ, ರಾಜನೂ ಅದರ ಮೇಲೆ ಕೂರುವುದಿಲ್ಲ. ಗಂಡಸರು ಹಿಂದೆಮುಂದೆ ನೋಡುವಾಗ ಯಾ ಅಸಾಂಟೆವಾ ಯುದ್ಧಕ್ಕೆ ಎದ್ದು ನಿಂತಳು. ಸೋತಳು, ಸೀಶೆಲ್ಸ್ ದ್ವೀಪಕ್ಕೆ ಗಡಿಪಾರಾಗಿ 1921ರಲ್ಲಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲೇ ಇಲ್ಲ.

ಬೊನ್ವಿರೆಯಲ್ಲಿ ಕೆಂಟೆ ನೇಯುತ್ತಾರೆ. ಹಾಸು ನೂಲನ್ನು ಅಂಗಳದುದ್ದಕ್ಕೂ ಎಳೆದು ತುದಿಗೆ ಕಲ್ಲು ಹೇರಿರುತ್ತಾರೆ, ನೇಯ್ದಂತೆ ಕಲ್ಲು ತೆವಳಿ ಹತ್ತಿರ ಬರುತ್ತದೆ. ನೇಕಾರ ಕಾಲಿನ ಬೆರಳುಗಳ ನಡುವೆ ಹಗ್ಗ ಹಿಡಿದು ನೂಲನ್ನು ಮೇಲೆ ಕೆಳಗೆ ಮಾಡುತ್ತಾನೆ. ಬರುವುದು ಸುಮಾರು ನಾಲ್ಕು ಇಂಚು ಅಗಲದ ಪಟ್ಟಿ, ಅಂಥ ಎಷ್ಟೋ ಪಟ್ಟಿ ಜೋಡಿಸಿ ಹೊಲಿದರೆ ಒಂದು ಬಟ್ಟೆ. ಅನಾನ್ಸೆ ಎಂಬ ಜೇಡನ ಬಲೆ ನೋಡಿ ಕಲಿತದ್ದು ಅಂತ ಅವರ ಕಥೆ. ಪ್ರತಿ ವಿನ್ಯಾಸಕ್ಕೂ ಹೆಸರು. ಎನ್‌ಕ್ರುಮಾ ಈಜಿಪ್ಟಿನ ಫತಿಯಾಳನ್ನು ಮದುವೆಯಾದಾಗ ಒಂದು ವಿನ್ಯಾಸಕ್ಕೆ "ಎನ್‌ಕ್ರುಮಾಗೆ ಫತಿಯಾ ತಕ್ಕವಳು" ಅಂತ ಹೆಸರಿಟ್ಟರು. 1966ರಲ್ಲಿ ಸೈನ್ಯ ಅವರನ್ನು ಇಳಿಸಿದ ಮೇಲೆ ಅದೇ ಬಟ್ಟೆ "ಒಬ್ಬನೇ ನಾಡು ಆಳಲಾರ" ಆಯಿತು. 2024ರಲ್ಲಿ ಯುನೆಸ್ಕೋ ಕೆಂಟೆಯನ್ನು ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಅಗ್ಗದ ಕೆಂಟೆ ಮಾರುಕಟ್ಟೆ ತುಂಬಿದೆ. ನಾನು ಒಂದೇ ಒಂದು ಪಟ್ಟಿ ಕೊಂಡೆ, ನೇಯ್ದವರ ಕೈಯಿಂದಲೇ.

ಮನ್ಹಿಯಾ ಅರಮನೆಯ ಮ್ಯೂಸಿಯಂನಲ್ಲಿ ಜನ ಜಾಸ್ತಿ. 1874ರ ಯುದ್ಧದ ಕಾಲದಲ್ಲಿ ಬ್ರಿಟಿಷರು ಕೊಳ್ಳೆ ಹೊಡೆದ ಚಿನ್ನದ ವಸ್ತುಗಳ ವಿಷಯ ಎಲ್ಲರ ಬಾಯಲ್ಲಿ. 2024ರಲ್ಲಿ ಲಂಡನ್ನಿನ ಎರಡು ಮ್ಯೂಸಿಯಂಗಳು 32 ವಸ್ತುಗಳನ್ನು ಇಲ್ಲಿಗೆ ಕಳಿಸಿದವು, ಅದೂ ಸಾಲವಾಗಿ. ಕದ್ದವರು ಮನೆಯವರಿಗೇ ಸಾಲ ಕೊಡುವುದು ಯಾವ ನ್ಯಾಯ? ಆದರೆ ಅಮೆರಿಕದ ಒಂದು ಮ್ಯೂಸಿಯಂ 7 ವಸ್ತುಗಳನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದೆ.

ಮಂಗಳವಾರ, ಟೆಚಿಮಾನ್ ಕಡೆ

ಇವತ್ತು ಭಾವನ ಕೆಲಸದ ದಿನ. ಖರೀದಿ ಶೆಡ್ಡಿನಲ್ಲಿ ರೈತರು ಚೀಲ ತಂದಿಟ್ಟಿದ್ದರು. ಚೀಲಗಳಿಂದ ಮಾದರಿ ತೆಗೆದು ಒಂದು ಕಿಲೋ ತೂಗಿ, ಎಷ್ಟು ಬೀಜ ಅಂತ ಎಣಿಸುತ್ತಾರೆ. ಆಮೇಲೆ ಒಂದೊಂದನ್ನೂ ಕತ್ತಿಯಲ್ಲಿ ಎರಡು ಹೋಳು ಮಾಡಿ ಒಳ್ಳೆಯದು, ಚುಕ್ಕೆ ಬಿದ್ದದ್ದು, ಪೊಳ್ಳು ಅಂತ ಗುಡ್ಡೆ ಹಾಕುತ್ತಾರೆ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ತಿರುಳು ಸಿಗುತ್ತದೆ ಅನ್ನುವುದೇ ಔಟ್‌ಟರ್ನ್, ಅದರ ಮೇಲೆ ಬೆಲೆ. ಅಂದು 48 ಬಂತು, ಭಾವನ ಮುಖ ಅರಳಿತು. ರೈತರು ಆ ಲೆಕ್ಕವನ್ನು ಕಣ್ಣು ಕೀಳದೆ ನೋಡುತ್ತಿದ್ದರು. ಸರಕಾರ ಕನಿಷ್ಠ ಬೆಲೆ ಸಾರುತ್ತದೆ, ಆದರೂ ಸೀಸನ್ ನಡುವೆ ಬೆಲೆ ಜಾರುವುದು ಅವರಿಗೆ ಪ್ರತಿ ವರ್ಷದ ಭಯ. ನಮ್ಮಲ್ಲಿ ಗೋಡಂಬಿ ಕೊಳ್ಳುವವರಿಗೆ ಈ ಮುಖಗಳು ಕಾಣುವುದಿಲ್ಲ.

ಹಳ್ಳಿಯ ಮುಖ್ಯಸ್ಥರನ್ನು ಕಾಣದೆ ವ್ಯಾಪಾರ ಶುರು ಮಾಡುವ ಹಾಗಿಲ್ಲ. ಭಾವ ಸ್ನ್ಯಾಪ್ಸ್ ಬಾಟಲಿ ಒಯ್ದಿದ್ದರು, ಅದು ಪದ್ಧತಿ. ಮುಖ್ಯಸ್ಥರ ಜೊತೆ ನೇರ ಮಾತಿಲ್ಲ, ನಡುವೆ ಒಚ್ಯಾಮೆ, ಅಂದರೆ ಮಾತು ದಾಟಿಸುವವರು, ಇರುತ್ತಾರೆ, ಕೈಯಲ್ಲಿ ಕೆತ್ತನೆಯ ಕೋಲು. ಅದರ ತುದಿಯಲ್ಲಿ ಮೊಟ್ಟೆ ಹಿಡಿದ ಕೈ. ಅಧಿಕಾರ ಮೊಟ್ಟೆಯ ಹಾಗೆ, ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ನೀರು ಬಂತು, ಬಂದ ಕಾರಣ ಕೇಳಿದರು, ಭಾವ ಒಚ್ಯಾಮೆಗೆ ಹೇಳಿದರು, ಅವರು ಮುಖ್ಯಸ್ಥರಿಗೆ ಹೇಳಿದರು, ಎದುರಿಗೇ ಕೂತಿದ್ದರೂ.

ಪಕ್ಕದಲ್ಲಿ ಕೂತಿದ್ದ ರಾಜಮಾತೆ ನನ್ನ ಕಡೆ ತಿರುಗಿ, ನಿಮ್ಮಲ್ಲಿ ಮಕ್ಕಳು ಯಾರಿಗೆ ಸೇರುತ್ತಾರೆ ಅಂತ ಕೇಳಿದರು. ನಾನು ಒಚ್ಯಾಮೆಯ ಮೂಲಕ ಅಳಿಯಕಟ್ಟಿನ ವಿಷಯ ಹೇಳಿದೆ. ನಮ್ಮ ಮನೆ ಅಜ್ಜಿಯದ್ದು, ಅಜ್ಜಿಗೆ ಅವರ ತಾಯಿಯಿಂದ ಬಂದದ್ದು, ಮೊದಲೆಲ್ಲ ಸೋದರಮಾವ ಯಜಮಾನ. ಸಭೆಯಲ್ಲಿ ಒಮ್ಮೆಲೇ ಗುಜುಗುಜು. ಮುಖ್ಯಸ್ಥರೇ ಒಚ್ಯಾಮೆಯನ್ನು ಕಾಯದೆ, "ಈಗಲೂ ಹಾಗೆಯೇ?" ಅಂದರು. ಇಲ್ಲ, 1956ರ ಕಾನೂನು ಬಂದ ಮೇಲೆ ಆಸ್ತಿ ಮಕ್ಕಳಿಗೆ, ಬರಿ ಮಾತ್ರ ತಾಯಿಯದ್ದು ಅಂದೆ. ನಮ್ಮಲ್ಲೂ 1985ರ ಕಾನೂನು ಅಂತ ಒಬ್ಬ ಹಿರಿಯರು ಅಂದರು, ಗಂಡ ಸತ್ತರೆ ಅವನ ಕುಟುಂಬದವರು ಬಂದು ಹೆಂಡತಿ ಮಕ್ಕಳನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು, ಅದು ನಿಲ್ಲಬೇಕಿತ್ತು. ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ, ಭೂಮಿ ಚೂರು ಚೂರಾಗುತ್ತದೆ ಅಂತ ಅವರ ವಾದ. ರಾಜಮಾತೆ ಇಬ್ಬರನ್ನೂ ತಡೆದು, ಕಾನೂನು ಯಾವುದಾದರೂ ಇರಲಿ, ವಿಧವೆಯನ್ನು ಹೊರಗೆ ಹಾಕಿದ ಕುಟುಂಬ ನನ್ನ ಮುಂದೆ ಬರಲಿ ನೋಡೋಣ ಅಂದರು. ಯಾರೂ ಎದುರಾಡಲಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪುತ್ತೂರಿನಲ್ಲಿ ಆಗಲೇ ಊಟದ ಹೊತ್ತು ದಾಟಿತ್ತು. ಅಮ್ಮ ಎಲ್ಲ ಕೇಳಿಸಿಕೊಂಡು, "ಅವರದ್ದು ಯಾವ ಬರಿ?" ಅಂದರು. ಅದುವಾನಾ ಅಂದೆ. "ಹೆಂಗಸರು ಸಭೆಯಲ್ಲಿ ಮಾತಾಡ್ತಾರಲ್ಲ, ಒಳ್ಳೆಯದೇ. ನಮ್ಮ ಚಾವಡಿಯಲ್ಲಿ ನನ್ನ ಅಮ್ಮ ಬಾಗಿಲ ಹಿಂದೆ ನಿಂತೇ ಮಾತಾಡ್ತಿದ್ದದ್ದು" ಅಂದವರು, ಆ ರಾಜಮಾತೆಯ ಒಂದು ಫೋಟೋ ಕಳಿಸು ಅಂದರು.